ಲೀಡ್ ಕೊಡದ ಊರಿಗೆ ರಸ್ತೆ ಇಲ್ವಾ?

ಪ್ರಶ್ನೆ: ಸಾರ್, ನಮ್ಮದು ನೂರಿಪ್ಪತ್ತು ಮನೆಯ ಹಳ್ಳಿ. ರಸ್ತೆ ಕೇಳಲು ಹೋದರೆ ಮುಖಂಡರೊಬ್ಬರು, ‘ನಿಮ್ಮ ಬೂತಲ್ಲಿ ನಮಗೆ ಲೀಡ್ ಎಲ್ಲಿ ಬಂತು? ಯಾರ್ಯಾರು ಹಾಕಿಲ್ಲ ಅಂತ ಗೊತ್ತಿದೆ’ ಅಂದರು. ಅಮ್ಮ ಹೆದರಿಬಿಟ್ಟಿದ್ದಾರೆ. ನಾವು ಯಾರಿಗೆ ಹಾಕಿದ್ದೇವೆ ಅಂತ ನಿಜವಾಗಲೂ ಗೊತ್ತಾಗುತ್ತಾ?
– ಒಬ್ಬ ಓದುಗ, ಹಾಸನ ಜಿಲ್ಲೆ

ಉತ್ತರ: ಮೊದಲು ಅಮ್ಮನಿಗೆ ಧೈರ್ಯ ಹೇಳಿ. ಅವರ ಮತ ಯಾರಿಗೂ ಗೊತ್ತಿಲ್ಲ. ಗೊತ್ತಾಗುವುದು ಬೂತಿನ ಲೆಕ್ಕ ಮಾತ್ರ.

ನಾನೊಮ್ಮೆ ಎಣಿಕೆ ಏಜೆಂಟ್ ಆಗಿ ಕೂತಿದ್ದೆ. ಜಾಲರಿಯ ಆಚೆ ಸಿಬ್ಬಂದಿ ಯಂತ್ರದ ಸೀಲ್ ಒಡೆದು ಗುಂಡಿ ಒತ್ತುತ್ತಾರೆ, ಒಬ್ಬೊಬ್ಬ ಅಭ್ಯರ್ಥಿಗೆ ಬಿದ್ದ ಮತ ಒಂದಾದ ಮೇಲೊಂದು ಕಾಣುತ್ತದೆ, ಈಚೆ ನಾವೆಲ್ಲ ಮೊಣಕೈಗೆ ಮೊಣಕೈ ತಾಗಿಸಿಕೊಂಡು ಬೂತ್ ನಂಬರ್ ಮುಂದೆ ಬರೆದುಕೊಳ್ಳುತ್ತೇವೆ. ಸಂಜೆಯೊಳಗೆ ಆ ಹಾಳೆ ಮುಖಂಡರ ಕೈಯಲ್ಲಿ ಇರುತ್ತದೆ. ಬೂತ್‌ವಾರು ಪಟ್ಟಿಯನ್ನು ಆಮೇಲೆ ಚುನಾವಣಾ ಅಧಿಕಾರಿಗಳೇ ಪ್ರಕಟಿಸುತ್ತಾರೆ. ಆದರೆ ಅದರಲ್ಲಿ ಎಷ್ಟು ಅನ್ನುವುದಿದೆ, ಯಾರು ಅನ್ನುವುದಿಲ್ಲ. ಮತ ಹಾಕಿದ ಕೂಡಲೇ ವಿವಿಪ್ಯಾಟ್ ಯಂತ್ರದ ಚೀಟಿ ಗಾಜಿನ ಹಿಂದೆ 7 ಸೆಕೆಂಡ್ ಕಾಣಿಸಿ ಡಬ್ಬಕ್ಕೆ ಬೀಳುತ್ತದಲ್ಲ, ಅದರ ಮೇಲೂ ನಿಮ್ಮ ಹೆಸರಿಲ್ಲ.

ಹಾಗಾದರೆ ‘ಯಾರ್ಯಾರು’ ಅಂತ ಹೇಗೆ ಹೇಳ್ತಾರೆ? ಅಂದಾಜು, ಅಷ್ಟೇ. ಯಾರು ಯಾರ ಜಗಲಿಯಲ್ಲಿ ಕೂತಿದ್ದರು, ಯಾರ ಬೈಕಿಗೆ ಯಾವ ಬಾವುಟ ಇತ್ತು, ಯಾರು ಯಾವ ಜಾತಿ, ಇವನ್ನು ಕೂಡಿಸಿ ಕಳೆಯುತ್ತಾರೆ. ಈ ಅಂದಾಜು ಎಷ್ಟು ತಪ್ಪುತ್ತದೆ ಅಂತ ನಮ್ಮ ಜಿಲ್ಲೆಯೇ ತೋರಿಸಿದೆ. 2018ರಲ್ಲಿ ಏಳು ವಿಧಾನಸಭಾ ಸೀಟಿನಲ್ಲಿ ಆರು ಜೆಡಿಎಸ್‌ಗೆ. 2023ಕ್ಕೆ ಅದು ನಾಲ್ಕಕ್ಕೆ ಇಳಿಯಿತು. 2024ರಲ್ಲಿ ಹಾಸನ ಲೋಕಸಭಾ ಕ್ಷೇತ್ರ 25 ವರ್ಷದ ನಂತರ ಕಾಂಗ್ರೆಸ್‌ಗೆ ಹೋಯಿತು. ‘ಇವರು ನಮ್ಮವರೇ’ ಅಂತ ಲೆಕ್ಕ ಹಾಕಿದ್ದ ಮನೆಗಳಲ್ಲೂ ಮತ ಬದಲಾಗದೆ ಇದು ಆಗುವ ಮಾತಾ?

ಆದರೂ ನಿಮ್ಮ ಭಯ ಸುಮ್ಮನೆ ಹುಟ್ಟಿದ್ದಲ್ಲ. ಸಣ್ಣ ಬೂತಿನಲ್ಲಿ ಇಡೀ ಊರೇ ಬಯಲಾಗುತ್ತದೆ. ಒಬ್ಬ ಅಭ್ಯರ್ಥಿಗೆ ಎರಡೋ ಮೂರೋ ಮತ ಬಂತು ಅನ್ನಿ, ಉಳಿದವರೆಲ್ಲ ಹಾಕಿಲ್ಲ ಅಂತ ತಾನಾಗೇ ಗೊತ್ತಾಯಿತಲ್ಲ. ಹಲವು ಬೂತುಗಳ ಮತ ಒಟ್ಟು ಮಾಡಿ ತೋರಿಸುವ ಟೋಟಲೈಸರ್ ಯಂತ್ರ ಬೇಕು ಅಂತ ಚುನಾವಣಾ ಆಯೋಗ 2008ರಲ್ಲೇ ಕೇಳಿತ್ತು, 2015ರಲ್ಲಿ ಕಾನೂನು ಆಯೋಗವೂ ಬೇಕು ಅಂದಿತು. ಇನ್ನೂ ಬಂದಿಲ್ಲ. ನನಗೆ ಇದು ತುಂಬಾ ಬೇಜಾರಿನ ವಿಷಯ. ನಗರದವರಿಗೆ ಇದು ಅಷ್ಟು ತಟ್ಟುವುದಿಲ್ಲ, ಪೆಟ್ಟು ಬೀಳುವುದು ನಿಮ್ಮಂಥ ಊರಿಗೆ.

ರಸ್ತೆ ವಿಷಯ ಬಿಡಬೇಡಿ. ಗ್ರಾಮಸಭೆಯಲ್ಲಿ ಹತ್ತು ಮನೆಯವರು ಒಟ್ಟಿಗೆ ಹೋಗಿ ಅರ್ಜಿ ಕೊಡಿ, ನಡಾವಳಿಯಲ್ಲಿ ಬರೆಸಿ, ಅದರ ನಕಲು ಇಟ್ಟುಕೊಳ್ಳಿ. ಲೀಡ್ ಕೊಟ್ಟವರಿಗೆ ಮಾತ್ರ ರಸ್ತೆ ಅಂತ ಯಾವ ಕಾನೂನಲ್ಲೂ ಇಲ್ಲ.

ಪ್ರಶ್ನೆ: ಎಂಎಲ್‌ಎ ಚುನಾವಣೆಗೆ ಒಂದು ಪಕ್ಷ, ಪಂಚಾಯಿತಿಗೆ ಎದುರು ಪಕ್ಷದ ಹುಡುಗನಿಗೆ ಹಾಕಿದೆ. ಮನೆಯವರು ಬೈತಿದ್ದಾರೆ. ತಪ್ಪಾ? ಅಷ್ಟಕ್ಕೂ ನನ್ನ ಒಂದು ಮತದಿಂದ ಏನು?
– ಕಡೂರು ಕಡೆಯ ಓದುಗ

ಉತ್ತರ: ತಪ್ಪೇನಿಲ್ಲ. ಗ್ರಾಮ ಪಂಚಾಯಿತಿಗೆ ಪಕ್ಷದ ಚಿಹ್ನೆಯೇ ಇಲ್ಲ. ಸುಮಾರು 400 ಜನರಿಗೆ ಒಬ್ಬ ಸದಸ್ಯ. ನೀರಗಂಟಿ ಎರಡು ದಿನ ನೀರು ಬಿಡದಿದ್ದರೆ ಯಾರು ಹೋಗಿ ಕೇಳ್ತಾರೆ ಅಂತ ನಿಮಗೇ ಗೊತ್ತು. ಅದನ್ನು ನೋಡಿ ಹಾಕಿದ್ದೀರಿ, ಸರಿಯಾಗೇ ಹಾಕಿದ್ದೀರಿ. ‘ನನ್ನ ಒಂದು ಮತದಿಂದ ಏನು’ ಅಂತಲೂ ಕೇಳಿದ್ದೀರಿ. 2023ರಲ್ಲಿ ನಿಮ್ಮದೇ ಜಿಲ್ಲೆಯ ಶೃಂಗೇರಿಯಲ್ಲಿ ಘೋಷಣೆಯಾದ ಅಂತರ ಬರೀ 201 ಮತ.

ಪ್ರಶ್ನೆ: ಕಾಫಿ ತೋಟದ ಲೈನ್ ಮನೆಯಲ್ಲಿ ಇದ್ದೇವೆ. ಕಳೆದ ಎಂಎಲ್‌ಎ ಚುನಾವಣೆ ಹಿಂದಿನ ರಾತ್ರಿ ಯಾರೋ ಬಂದು, ದೇವರ ಫೋಟೋ ಮೇಲೆ ಕೈ ಇಡಿಸಿ 500 ರೂಪಾಯಿ ಕೊಟ್ಟರು. ಹಾಕದಿದ್ದರೆ ದೇವರು ಬಿಡಲ್ಲ ಅಂದರು. ನಾನು ಬೇರೆಯವರಿಗೆ ಹಾಕಿದೆ. ಈಗ ಮಗುವಿಗೆ ಜ್ವರ ಬಂದರೂ ಅದೇ ಯೋಚನೆ.
– ಒಬ್ಬ ತಾಯಿ, ಮೂಡಿಗೆರೆ ತಾಲ್ಲೂಕು

ಉತ್ತರ: ನೋಡಮ್ಮ, ಮಗುವಿನ ಜ್ವರಕ್ಕೂ ನಿಮ್ಮ ಮತಕ್ಕೂ ಏನೂ ಸಂಬಂಧವಿಲ್ಲ. ಡಾಕ್ಟರಿಗೆ ತೋರಿಸಿ.

ತಪ್ಪು ಮಾಡಿದವರು ಕೈ ಇಡಿಸಿದವರು. ದುಡ್ಡು ಕೊಡುವುದು ಒಂದು ತಪ್ಪು. ದೇವರ ಶಾಪ ತಟ್ಟುತ್ತದೆ ಅಂತ ಮತದಾರರನ್ನು ನಂಬಿಸುವುದು ಇನ್ನೊಂದು. 1951ರ ಪ್ರಜಾಪ್ರತಿನಿಧಿ ಕಾಯ್ದೆಯ 123ನೇ ಸೆಕ್ಷನ್‌ನಲ್ಲಿ ಈ ಎರಡನೆಯದನ್ನೂ ಬಿಡಿಸಿ ಬರೆದಿದ್ದಾರೆ. ಇಂಥ ಆಣೆ ನಮ್ಮ ಕಡೆ ಹೊಸದಲ್ಲ, ಬಡವರ ಭಕ್ತಿಯನ್ನೇ ಹಿಡಿದು ಹೆದರಿಸುವುದು ನೋಡಿದರೆ ನನಗೆ ಹೊಟ್ಟೆ ಉರಿಯುತ್ತದೆ. ದುಡ್ಡು ತಗೊಳ್ಳುವುದೂ ಕಾನೂನಿನ ಪ್ರಕಾರ ತಪ್ಪೇ, ಅದನ್ನು ನಿಮ್ಮಿಂದ ಮುಚ್ಚಿಡಲ್ಲ. ಆದರೆ ರಾತ್ರಿ ಬಾಗಿಲಿಗೆ ಐದಾರು ಜನ ಬಂದು ನಿಂತಾಗ ಬೇಡ ಅನ್ನುವುದು ಎಷ್ಟು ಕಷ್ಟ ಅಂತ ನನಗೆ ಗೊತ್ತು.

ನಮ್ಮ ಸೋದರತ್ತೆ ಇದೇ ಸಂಕಟದಲ್ಲಿ ಒಂದು ರಾತ್ರಿ ನಿದ್ದೆ ಮಾಡಿರಲಿಲ್ಲ. ಬೆಳಗ್ಗೆ ತಲೆಗೆ ನೀರು ಹಾಕಿಕೊಂಡು, ಸೆರಗಿನ ಗಂಟು ಬಿಚ್ಚಿ ಆ ನೋಟನ್ನು ಊರ ದೇವಸ್ಥಾನದ ಹುಂಡಿಗೆ ಹಾಕಿದರು. ಆಮೇಲೆ ಶಾಲೆಗೆ ಹೋಗಿ ಮತ ಹಾಕಿ ಬಂದರು. ಯಾರಿಗೆ ಅಂತ ಮನೆಯಲ್ಲಿ ಯಾರೂ ಕೇಳಲಿಲ್ಲ.

ಮುಂದಿನ ವಿಧಾನಸಭಾ ಚುನಾವಣೆಗೆ ಮತ್ತೆ ಹೀಗೆ ಬಂದರೆ ಚುನಾವಣಾ ಸಹಾಯವಾಣಿ 1950ಕ್ಕೆ ಫೋನ್ ಮಾಡಿ. ಮನೆಯವರ ಯಾರದಾದರೂ ಮೊಬೈಲಿನಲ್ಲಿ ಚುನಾವಣಾ ಆಯೋಗದ ಸಿ-ವಿಜಿಲ್ ಆ್ಯಪ್ ಹಾಕಿಸಿಕೊಂಡರೆ ನಿಮ್ಮ ಹೆಸರು ಹೇಳದೆಯೂ ದೂರು ಕೊಡಬಹುದು, ಆಗಲೇ ಆ ಆ್ಯಪ್‌ನಲ್ಲೇ ಫೋಟೋ ಅಥವಾ ವಿಡಿಯೋ ತೆಗೆದು ಕಳಿಸಬೇಕು.