ಎರಡು ಎಸ್‌ಪಿಎಫ್ ಇದ್ದರೆ ಒಂದೂ ಇಲ್ಲದ ಹಾಗೆ

ಪ್ರಶ್ನೆ: ನಮ್ಮ ದಿನನಿತ್ಯದ ಮೇಲ್ ಗೂಗಲ್ ವರ್ಕ್‌ಸ್ಪೇಸ್‌ನಿಂದ ಹೋಗುತ್ತದೆ. ತಿಂಗಳ ಸುದ್ದಿಪತ್ರ ಬೇರೊಂದು ಸೇವೆಯಿಂದ. ಎರಡೂ ಕಡೆ ಎಸ್‌ಪಿಎಫ್ ರೆಕಾರ್ಡ್ ಸೇರಿಸಿ ಎಂದಿತ್ತು, ಎರಡನ್ನೂ ಸೇರಿಸಿದೆ. ಈಗ ಮೊದಲಿಗಿಂತ ಜಾಸ್ತಿ ಮೇಲ್ ಸ್ಪ್ಯಾಮ್‌ಗೆ ಬೀಳುತ್ತಿದೆ. ಯಾಕೆ?

ಉತ್ತರ: ‘ಎರಡನ್ನೂ ಸೇರಿಸಿದೆ’ ಅಂದಿರಲ್ಲ, ಎಡವಟ್ಟಾಗಿರುವುದು ಅಲ್ಲೇ. ಎಸ್‌ಪಿಎಫ್ ಅಂದರೆ ನಿಮ್ಮ ಡೊಮೇನ್ ಹೆಸರಲ್ಲಿ ಯಾವ ಸರ್ವರ್‌ಗಳು ಮೇಲ್ ಕಳಿಸಬಹುದು ಎಂದು ಡಿಎನ್‌ಎಸ್‌ನಲ್ಲಿ (ಡೊಮೇನ್‌ನ ವಿವರಗಳಿರುವ ಸಾರ್ವಜನಿಕ ಪಟ್ಟಿ) ಬರೆದಿಡುವ ಸಾಲು. ಒಂದು ಡೊಮೇನ್‌ಗೆ ಒಂದೇ ಎಸ್‌ಪಿಎಫ್ ರೆಕಾರ್ಡ್ ಇರಬೇಕು. ಎರಡು ಕಂಡರೆ ಮೇಲ್ ಪಡೆಯುವ ಸರ್ವರ್ ಯಾವುದು ಸರಿ ಅಂತ ಯೋಚಿಸುತ್ತಾ ಕೂರುವುದಿಲ್ಲ. ‘ಪರ್ಮ್‌ಎರರ್’ (ರೆಕಾರ್ಡೇ ತಪ್ಪು) ಎಂದು ಷರಾ ಬರೆದು ಎರಡನ್ನೂ ಕೈಬಿಡುತ್ತದೆ. ತಪ್ಪು ಪೂರ್ತಿ ನಿಮ್ಮದೇನಲ್ಲ ಬಿಡಿ. ಈ ಸೇವೆಗಳ ಸಹಾಯ ಪುಟಗಳನ್ನು ಓದಿದರೆ, ಜಗತ್ತಿನಲ್ಲಿ ಮೇಲ್ ಕಳಿಸುವವರು ತಾವೊಬ್ಬರೇ ಅನ್ನೋ ಧಾಟಿ ಇರುತ್ತದೆ.

ಸರಿಪಡಿಸುವುದು ಸುಲಭ. ಎರಡನೆಯ ರೆಕಾರ್ಡ್‌ನಲ್ಲಿರುವ, ಆ ಸೇವೆಯ ಸರ್ವರ್‌ಗಳನ್ನೂ ಸೇರಿಸಿಕೊಳ್ಳಿ ಅನ್ನುವ ‘ಇನ್‌ಕ್ಲೂಡ್’ ಭಾಗವನ್ನು ಮಾತ್ರ ಎತ್ತಿ ಮೊದಲನೆಯದರೊಳಗೆ ಸೇರಿಸಿ, ಆಮೇಲೆ ಎರಡನೆಯದನ್ನು ಅಳಿಸಿ. ಸಾಲಿನ ಶುರುವಿನಲ್ಲಿ ವರ್ಷನ್ ಒಂದೇ ಸಲ, ನಡುವೆ ಎರಡು ಇನ್‌ಕ್ಲೂಡ್, ಕೊನೆಗೆ ‘ಆಲ್’ (ಉಳಿದವರೆಲ್ಲ) ಒಂದೇ ಸಲ. ಆಲ್‌ಗೆ ಮೊದಲು ಟಿಲ್ಡೆ (~) ಚಿಹ್ನೆ ಇರಲಿ. ಪ್ಲಸ್ ಹಾಕಿದಿರೋ, ನನ್ನ ಹೆಸರಲ್ಲಿ ಯಾರು ಬೇಕಾದರೂ ಕಳಿಸಿ ಅಂತ ನೀವೇ ಬರೆದುಕೊಟ್ಟ ಹಾಗೆ. ಇನ್ನೊಂದು ಮಿತಿ ಉಂಟು: ಆ ಸಾಲನ್ನು ಬಿಡಿಸಲು 10ಕ್ಕಿಂತ ಜಾಸ್ತಿ ಡಿಎನ್‌ಎಸ್ ಲುಕಪ್ (ಹುಡುಕಾಟ) ಬೇಕಾದರೂ ಅದೇ ಪರ್ಮ್‌ಎರರ್. ಇನ್‌ಕ್ಲೂಡ್‌ನ ಒಳಗಿರುವ ಇನ್‌ಕ್ಲೂಡ್‌ಗಳೂ ಲೆಕ್ಕಕ್ಕೆ ಬರುತ್ತವೆ. ಬಿಟ್ಟುಬಿಟ್ಟ ಹಳೇ ಸೇವೆಗಳ ಹೆಸರಿದ್ದರೆ ಕಿತ್ತುಹಾಕಿ.

ಇಷ್ಟಕ್ಕೇ ಸುದ್ದಿಪತ್ರ ಇನ್‌ಬಾಕ್ಸ್‌ಗೆ ಬರುತ್ತದೆ ಅಂತ ನಾನು ಹೇಳಲಾರೆ. ಎಸ್‌ಪಿಎಫ್ ನೋಡುವುದು ಓದುವವರಿಗೆ ಕಾಣುವ ‘ಫ್ರಮ್’ ವಿಳಾಸವನ್ನಲ್ಲ, ಹಿಂದೆ ಅಡಗಿರುವ ‘ರಿಟರ್ನ್ ಪಾತ್’ ವಿಳಾಸವನ್ನು. ಸುದ್ದಿಪತ್ರದ ಸೇವೆಗಳು ಎಷ್ಟೋ ಸಲ ಅಲ್ಲಿ ತಮ್ಮದೇ ಡೊಮೇನ್ ಇಟ್ಟಿರುತ್ತವೆ. ಪರೀಕ್ಷೆ ಪಾಸಾದರೂ ಆ ಪಾಸು ಅವರ ಡೊಮೇನಿಗೆ, ನಿಮ್ಮದಕ್ಕಲ್ಲ. ಪಾಸಾದ ಡೊಮೇನ್ ಫ್ರಮ್‌ನಲ್ಲಿರುವ ಡೊಮೇನ್‌ಗೆ ಹೊಂದುತ್ತದಾ ಅಂತ ನೋಡುವ ಡಿಮಾರ್ಕ್ ಅದನ್ನು ಒಪ್ಪುವುದಿಲ್ಲ.

ಹಾಗಾಗಿ ನನ್ನನ್ನು ಕೇಳಿದರೆ ಜಾಸ್ತಿ ಗಮನ ಕೊಡಬೇಕಾದದ್ದು ಮೇಲ್‌ಗೆ ನಿಮ್ಮ ಡೊಮೇನಿನ ಡಿಜಿಟಲ್ ಸಹಿ ಹಾಕುವ ಡಿಕಿಮ್‌ಗೆ. ಎರಡೂ ಸೇವೆಗಳಲ್ಲಿ ಬೇರೆ ಬೇರೆಯಾಗಿ ಆನ್ ಮಾಡಿ. ಒಂದೊಂದಕ್ಕೂ ಅದರದೇ ಸೆಲೆಕ್ಟರ್ (ಸಹಿಯ ಕೀ ಎಲ್ಲಿದೆ ಎಂದು ಹೇಳುವ ಹೆಸರು) ಇರುತ್ತದೆ, ಇಲ್ಲಿ ಎಷ್ಟಿದ್ದರೂ ಜಗಳವಿಲ್ಲ. ಮೇಲ್ ಫಾರ್ವರ್ಡ್ ಆದರೆ ಎಸ್‌ಪಿಎಫ್ ಸಾಮಾನ್ಯವಾಗಿ ಮುರಿಯುತ್ತದೆ. ಡಿಕಿಮ್ ಸಹಿ, ನಡುವೆ ಯಾರೂ ಮೇಲ್ ತಿದ್ದದಿದ್ದರೆ, ಉಳಿಯುತ್ತದೆ.

ಡಿಎನ್‌ಎಸ್ ಪ್ಯಾನೆಲ್‌ನಲ್ಲಿ ಡಿಕಿಮ್ ರೆಕಾರ್ಡ್ ಹಾಕುವಾಗ ಹೋಸ್ಟ್ ಕಾಲಂ ಮೇಲೆ ಕಣ್ಣಿರಲಿ. ಸೆಲೆಕ್ಟರ್, ಚುಕ್ಕಿ, ಅಂಡರ್‌ಸ್ಕೋರ್ ಡೊಮೇನ್‌ಕೀ, ಅಷ್ಟೇ ಬರೆಯಿರಿ. ಬಹಳಷ್ಟು ಪ್ಯಾನೆಲ್‌ಗಳು ಡೊಮೇನ್ ಹೆಸರನ್ನು ತಾವೇ ಕೊನೆಗೆ ಅಂಟಿಸುತ್ತವೆ. ನೀವೂ ಬರೆದರೆ ಅದು ಎರಡು ಸಲ ಬಂದು, ರೆಕಾರ್ಡ್ ಯಾರಿಗೂ ಸಿಗದ ಮೂಲೆಯಲ್ಲಿ ಕೂರುತ್ತದೆ. ಪ್ಯಾನೆಲ್‌ನಲ್ಲಿ ನೋಡಿದರೆ ಎಲ್ಲ ಸರಿಯಾಗೇ ಕಾಣುತ್ತದೆ, ಅದೇ ತಮಾಷೆ. ಗೂಗಲ್‌ನಲ್ಲಾದರೆ ರೆಕಾರ್ಡ್ ಹಾಕಿದ ಮೇಲೆ ಅಡ್ಮಿನ್ ಪುಟಕ್ಕೆ ವಾಪಸ್ ಹೋಗಿ ‘ಸ್ಟಾರ್ಟ್ ಅಥೆಂಟಿಕೇಶನ್’ ಬಟನ್ ಒತ್ತಬೇಕು. ಒತ್ತದೆ ಬಿಟ್ಟು ‘ಡಿಕಿಮ್ ಕೆಲಸ ಮಾಡ್ತಿಲ್ಲ’ ಅಂತ ನನಗೆ ಬರೆಯುವವರು ಕಮ್ಮಿಯಿಲ್ಲ.

ಎಲ್ಲ ಮುಗಿದ ಮೇಲೆ ಜಿಮೇಲ್ ಖಾತೆಯೊಂದಕ್ಕೆ ಎರಡೂ ಕಡೆಯಿಂದ ಒಂದೊಂದು ಮೇಲ್ ಕಳಿಸಿ, ತೆರೆದು, ‘ಶೋ ಒರಿಜಿನಲ್’ ಒತ್ತಿ. ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ಮೂರರ ಫಲಿತಾಂಶ ಮೇಲುಗಡೆಯೇ ಇರುತ್ತದೆ. ಡಿಕಿಮ್ ಎದುರು ನಿಮ್ಮ ಡೊಮೇನ್ ಹೆಸರೇ ಇದೆಯಾ ನೋಡಿಕೊಳ್ಳಿ.

ಪ್ರಶ್ನೆ: ಡಿಮಾರ್ಕ್ ರೆಕಾರ್ಡ್ ಹಾಕಿದಾಗಿನಿಂದ ಯಾರ್‍ಯಾರೋ ದಿನಾ ಜಿಪ್ ಫೈಲ್ ಕಳಿಸುತ್ತಿದ್ದಾರೆ. ವೈರಸ್ಸಾ? ಪಾಲಿಸಿಯನ್ನು ಈಗಲೇ ‘ರಿಜೆಕ್ಟ್’ಗೆ ಬದಲಿಸಬಹುದಾ?

ಉತ್ತರ: ರೆಕಾರ್ಡ್‌ನಲ್ಲಿ ‘ರುವಾ’ ಅಂತ ಒಂದು ಮೇಲ್ ವಿಳಾಸ ಕೊಟ್ಟಿದ್ದೀರಲ್ವಾ, ಅದಕ್ಕೆ ಬರುತ್ತಿರುವ ವರದಿಗಳು ಅವು. ಒಳಗಿರುವುದು ಎಕ್ಸ್‌ಎಂಎಲ್ ಫೈಲ್: ನಿಮ್ಮ ಡೊಮೇನ್ ಹೆಸರಿನಲ್ಲಿ ಯಾವ ಐಪಿಯಿಂದ ಎಷ್ಟು ಮೇಲ್ ಬಂತು, ಪಾಸಾಯಿತಾ ಇಲ್ಲವಾ ಅನ್ನುವ ಲೆಕ್ಕ. ಬರಿಗಣ್ಣಿಂದ ಓದುವುದು ತಲೆನೋವು, ಓದಿ ಪಟ್ಟಿ ಮಾಡಿಕೊಡುವ ಸಾಧನಗಳಿವೆ.

ಪರೀಕ್ಷೆ ಫೇಲಾದ ಮೇಲನ್ನು ತಗೊಳ್ಳಲೇಬೇಡಿ ಅನ್ನುವ ರಿಜೆಕ್ಟ್ ಈಗಲೇ ಬೇಡ. ‘ನನ್’ (ಏನೂ ಮಾಡಬೇಡಿ, ವರದಿ ಮಾತ್ರ ಕೊಡಿ) ಇಟ್ಟು ಕೆಲವು ವಾರ ವರದಿ ನೋಡಿ. ಮರೆತೇಹೋದ ಮೇಲ್ ಮೂಲಗಳು ಆಗ ಹೊರಬರುತ್ತವೆ: ವೆಬ್‌ಸೈಟ್‌ನ ಸಂಪರ್ಕ ಫಾರ್ಮ್, ಬಿಲ್ ಕಳಿಸುವ ಸಾಫ್ಟ್‌ವೇರ್, ಸ್ಕ್ಯಾನ್ ಮಾಡಿ ಮೇಲ್ ಮಾಡುವ ಪ್ರಿಂಟರ್. ಅವನ್ನೆಲ್ಲ ಸರಿಮಾಡಿಕೊಂಡು ‘ಕ್ವಾರಂಟೈನ್’ಗೆ (ಸ್ಪ್ಯಾಮ್‌ಗೆ ಹಾಕಿ) ಹೋಗಿ, ಆಮೇಲೆ ರಿಜೆಕ್ಟ್. ಜಿಮೇಲ್ ಖಾತೆಗಳಿಗೆ ದಿನಕ್ಕೆ 5,000ಕ್ಕೂ ಹೆಚ್ಚು ಮೇಲ್ ಕಳಿಸುವವರು ಡಿಮಾರ್ಕ್ ಹಾಕಲೇಬೇಕು ಅಂತ 2024ರ ಫೆಬ್ರವರಿಯಲ್ಲಿ ಗೂಗಲ್ ನಿಯಮ ತಂದಾಗಲೂ ಕನಿಷ್ಠ ಕೇಳಿದ್ದು ‘ನನ್’ ಅಷ್ಟೇ. ಆದರೆ ನನ್ ಇರುವವರೆಗೆ ನಿಮ್ಮ ಹೆಸರಿನ ಖೋಟಾ ಮೇಲ್ ತಡೆಯಿರಿ ಅಂತ ನೀವು ಯಾರಿಗೂ ಹೇಳಿದಂತಾಗುವುದಿಲ್ಲ. ವರದಿಗಳ ಕಾಟ ಇನ್‌ಬಾಕ್ಸ್‌ನಲ್ಲಿ ಬೇಡವಾದರೆ ರುವಾದಲ್ಲಿ ಬೇರೆ ವಿಳಾಸ ಹಾಕಿ. ನಿಮ್ಮ ಡೊಮೇನಿನದ್ದೇ ಇರಲಿ. ಹೊರಗಿನ ಡೊಮೇನ್ ಆದರೆ ‘ವರದಿ ತಗೊಳ್ಳಲು ಒಪ್ಪಿದ್ದೇನೆ’ ಅಂತ ಅವರ ಡಿಎನ್‌ಎಸ್‌ನಲ್ಲೂ ಒಂದು ರೆಕಾರ್ಡ್ ಬೇಕಾಗುತ್ತದೆ.