ಗುಹೆಯಲ್ಲಿ ಏನೂ ಕಾಣಲಿಲ್ಲ ಅಂದರೆ ಏನೂ ಇಲ್ಲ ಅಂತಲ್ಲ

ಸುಣ್ಣಕಲ್ಲಿನ ಗುಹೆಯೊಂದರಲ್ಲಿ ಎರಡು ಗಂಟೆ ಸುತ್ತಿದೆ, ಬಾವಲಿ ಮತ್ತು ಒಂದೆರಡು ಜೇಡ ಬಿಟ್ಟರೆ ಏನೂ ಕಾಣಲಿಲ್ಲ, ಗುಹೆಯ ಜೀವಿಗಳ ಸರ್ವೇ ಮಾಡುವವರಿಗೆ ಅಷ್ಟೊಂದು ಜಾತಿಗಳು ಎಲ್ಲಿಂದ ಸಿಗುತ್ತವೆ ಎಂದು ಕೇಳಿದ್ದೀರಿ.

ನೀವು ಸುತ್ತಿದಿರಿ, ಅದೇ ತೊಂದರೆ. ನಾನು ಕೆಲವು ಸರ್ವೇ ತಂಡಗಳ ಜೊತೆ ಹೋಗಿದ್ದೇನೆ. ಅಲ್ಲಿ ನಡೆಯುವುದು ಕಡಿಮೆ, ಹೊಟ್ಟೆ ಮೇಲೆ ಮಲಗಿ ಒಂದೇ ಕಲ್ಲನ್ನು ನೋಡುವುದು ಜಾಸ್ತಿ. ಸ್ಪ್ರಿಂಗ್‌ಟೇಲ್ ಅನ್ನುವ ರೆಕ್ಕೆಯಿಲ್ಲದ ಪುಟ್ಟ ಜೀವಿ ಒಂದೆರಡು ಮಿಲಿಮೀಟರ್ ಇರುತ್ತದೆ, ಬಣ್ಣವೂ ಬಿಳಿ. ಲೈಟ್ ಹಾಕಿಕೊಂಡು ನಡೆದು ಹೋಗುವವರ ಕಣ್ಣಿಗೆ ಅದು ಎಲ್ಲಿ ಬೀಳಬೇಕು? ಕಪ್ಪು ಸಮುದ್ರದ ಪಕ್ಕದ ಕ್ರುಬೆರಾ ಗುಹೆಯಲ್ಲಿ ಹೆಚ್ಚುಕಡಿಮೆ 2 ಕಿಲೋಮೀಟರ್ ಆಳದಲ್ಲೂ ಇಂಥದ್ದೊಂದು ಸಿಕ್ಕಿದೆ.

ಎಲ್ಲಿ ನೋಡಬೇಕು ಅನ್ನುವುದಕ್ಕೆ ಒಂದೇ ಪ್ರಶ್ನೆ: ಊಟ ಎಲ್ಲಿದೆ? ಕತ್ತಲಲ್ಲಿ ಗಿಡ ಬೆಳೆಯುವುದಿಲ್ಲ, ಹಾಗಾಗಿ ಹೊರಗಿನಿಂದ ಬಂದದ್ದೇ ಆಹಾರ. ಬಾವಲಿ ಹಿಕ್ಕೆಯ ಗುಡ್ಡೆ, ಪ್ರವಾಹ ತಂದು ಹಾಕಿದ ಕೊಳೆತ ಎಲೆ, ಸೀಲಿಂಗ್‌ನಿಂದ ಇಳಿದ ಬೇರು, ಒದ್ದೆ ಮರದ ತುಂಡು, ಇವನ್ನು ಮೊದಲು ನೋಡಿ. (ರೊಮೇನಿಯಾದ ಮೊವಿಲೆ ಗುಹೆ ಬೇರೆಯೇ ಕಥೆ. 1986ರಲ್ಲಿ ಪತ್ತೆಯಾದ ಆ ಗುಹೆಯಲ್ಲಿ ಬ್ಯಾಕ್ಟೀರಿಯಾಗಳು ಗಂಧಕ ಮತ್ತು ಮೀಥೇನ್‌ನಿಂದಲೇ ಊಟ ತಯಾರಿಸುತ್ತವೆ.)

ನನಗೆ ಜಾಸ್ತಿ ಇಷ್ಟವಾದ ವಿಧಾನ ಹನಿ ನೀರಿನದ್ದು. ಸೀಲಿಂಗ್‌ನಿಂದ ಹನಿ ಬೀಳುವ ಕಡೆ ಸಣ್ಣ ಜಾಲರಿ ಇರುವ ಡಬ್ಬಿ ಇಟ್ಟು ಬಂದರೆ, ಮೇಲಿನ ಬಂಡೆಯ ಬಿರುಕುಗಳಲ್ಲಿ ಬದುಕುವ ಕೋಪೆಪಾಡ್‌ಗಳು, ಅಂದರೆ ಸೀಗಡಿಯ ದೂರದ ನೆಂಟರು, ಹನಿ ಜೊತೆ ಉದುರಿ ಅದರಲ್ಲಿ ಸೇರುತ್ತವೆ, ಮನುಷ್ಯರು ಎಂದೂ ಹೋಗಲಾಗದ ಜಾಗದ ಪ್ರಾಣಿ ತಾನೇ ಕೈಗೆ ಬಂದ ಹಾಗೆ. ಸ್ಲೊವೇನಿಯಾದಲ್ಲಿ ಹೀಗೆ ತುಂಬಾ ಕೆಲಸ ನಡೆದಿದೆ. ಈಗ ಗುಹೆಯ ನೀರನ್ನು ಸೋಸಿ ಪ್ರಾಣಿಗಳು ಅದರಲ್ಲಿ ಬಿಟ್ಟುಹೋದ ಡಿಎನ್‌ಎಯನ್ನೂ ಓದುತ್ತಾರೆ. ಕ್ರೊಯೇಷಿಯಾದಲ್ಲಿ ಓಲ್ಮ್ ಎಂಬ ಕುರುಡು ಸಾಲಮಾಂಡರ್ ಇದೆಯೇ ಎಂದು ಅದನ್ನು ಕಣ್ಣಾರೆ ನೋಡದೆಯೇ ಹೀಗೆ ಪತ್ತೆ ಮಾಡಿದ್ದಾರೆ.

ನೆಲದಲ್ಲಿ ಕಪ್ ಹೂತು ವಾಸನೆಯ ಚೀಸ್ ಇಡುವ ಬೋನಿನ ಬಗ್ಗೆ ಮಾತ್ರ ಹುಷಾರು. ಒಮ್ಮೆ ನಾನೇ ಇಟ್ಟಿದ್ದೆ. ಎರಡು ದಿನಕ್ಕೆ ತೆಗೆಯುವ ಲೆಕ್ಕ, ಅಷ್ಟರಲ್ಲಿ ಮಳೆ ಬಂದು ಒಳದಾರಿ ನೀರಲ್ಲಿ ಮುಳುಗಿತು, ಮೂರು ವಾರ ಯಾರೂ ಹೋಗಲಾಗಲಿಲ್ಲ. ಕೊನೆಗೆ ಹೋಗಿ ನೋಡಿದರೆ ಕಪ್ ತುಂಬಾ ಸತ್ತ ಜೀರುಂಡೆ. ಗುಹೆಯ ಪ್ರಾಣಿಗಳು ನಿಧಾನಕ್ಕೆ ಬೆಳೆಯುತ್ತವೆ, ಮೊಟ್ಟೆ ಇಡುವುದೂ ಕಡಿಮೆ, ಕೆಲವು ಜಾತಿಗಳು ಆ ಒಂದೇ ಗುಹೆಯಲ್ಲಿ ಇರುತ್ತವೆ. ಅವತ್ತಿನಿಂದ ಬೋನು ಇಟ್ಟಿಲ್ಲ, ಒದ್ದೆ ಬ್ರಷ್‌ನಲ್ಲಿ ಒಂದೊಂದಾಗಿ ಎತ್ತುತ್ತೇನೆ, ಗುರುತು ಹಿಡಿಯಲು ಬೇಕಾದಷ್ಟನ್ನು ಮಾತ್ರ ಆಲ್ಕೋಹಾಲ್‌ಗೆ ಹಾಕುತ್ತೇನೆ.

ಬೂಟು, ಬಟ್ಟೆ ತೊಳೆಯದೆ ಇನ್ನೊಂದು ಗುಹೆಗೆ ಹೋಗಬೇಡಿ. 2006ರಲ್ಲಿ ನ್ಯೂಯಾರ್ಕ್‌ನಲ್ಲಿ ಮೊದಲು ಕಂಡ ಬಾವಲಿಗಳ ಬಿಳಿಮೂಗು ರೋಗದ ಬೂಷ್ಟು ಬಟ್ಟೆಬರೆಗೆ ಅಂಟಿಕೊಂಡೂ ಸಾಗಬಲ್ಲದು, ಉತ್ತರ ಅಮೆರಿಕದಲ್ಲಿ ಅದು ಲಕ್ಷಗಟ್ಟಲೆ ಬಾವಲಿಗಳನ್ನು ಕೊಂದಿದೆ. ಚಳಿಗಾಲದಲ್ಲಿ ನಿದ್ದೆಯಲ್ಲಿರುವ ಬಾವಲಿಗಳ ಹತ್ತಿರ ಹೋಗುವುದೇ ಬೇಡ, ಒಂದು ಸಲ ಎಚ್ಚರಾದರೂ ಕೂಡಿಟ್ಟ ಕೊಬ್ಬು ಖರ್ಚಾಗುತ್ತದೆ.

ಇನ್ನು ಎಣಿಕೆ. ಯಾರಾದರೂ "ಈ ಗುಹೆಯಲ್ಲಿ 12 ಜಾತಿ" ಅಂದರೆ ಎಷ್ಟು ಜನ, ಎಷ್ಟು ಗಂಟೆ, ಎಷ್ಟು ಸಲ ಹೋಗಿದ್ದರು ಎಂದು ಕೇಳಿ, ಇಲ್ಲದಿದ್ದರೆ ಆ ಸಂಖ್ಯೆಯನ್ನು ಇನ್ನೊಂದು ಗುಹೆಗೆ ಹೋಲಿಸುವುದು ಸುಮ್ನೆ. ಮಳೆಗಾಲದಲ್ಲಿ ಕಂಡದ್ದು ಬೇಸಿಗೆಯಲ್ಲಿ ಬಿರುಕಿನ ಒಳಗೆ ಸೇರಿಕೊಂಡಿರುತ್ತದೆ ಅಲ್ವಾ? ಮತ್ತೆ ಹೋದಾಗಲೂ ಹೊಸದು ಸಿಗುತ್ತಿದ್ದರೆ ಪಟ್ಟಿ ಇನ್ನೂ ಮುಗಿದಿಲ್ಲ. ನೀವು ಹೋಗಿದ್ದು ಒಂದೇ ಸಲ, ಅದೂ ಎರಡು ಗಂಟೆ.