ಗೋಳಗುಮ್ಮಟದ ಜೊತೆ ದ್ರಾಕ್ಷಿ ಪಡಕ್ಕೂ ಹೋಗಬೇಕಾ?

ಪ್ರಶ್ನೆ: ನಾವು ಬೆಂಗಳೂರಿನವರು. ಫೆಬ್ರುವರಿ ಕೊನೆಗೆ ಅತ್ತೆ, ಮಾವ, ಮಕ್ಕಳ ಜೊತೆ ವಿಜಯಪುರಕ್ಕೆ ಬರುತ್ತಿದ್ದೇವೆ. ಗೋಳಗುಮ್ಮಟ ನೋಡಿ ಅದೇ ರಾತ್ರಿ ರೈಲು ಹತ್ತೋಣ ಅಂತಾರೆ ನಮ್ಮನೆಯವರು. ದ್ರಾಕ್ಷಿ ತೋಟ ನೋಡಲು ಇನ್ನೊಂದು ದಿನ ಇರೋಣ ಅಂತ ನಾನು. ಬರೀ ಬಿಸಿಲು, ಅಲ್ಲೇನಿದೆ ಅಂತಾರೆ. ವೈನ್ ಸಿಗುತ್ತಾ ಅಂತಲೂ ಕೇಳುತ್ತಿದ್ದಾರೆ.
— ಓದುಗರೊಬ್ಬರು, ಬೆಂಗಳೂರು

ಉತ್ತರ: ಖಂಡಿತ ಇರಿ. ವೈನ್ ವಿಷಯ ಮೊದಲೇ ಹೇಳಿಬಿಡುತ್ತೇನೆ. ನಮ್ಮ ಕಡೆ ಹೆಚ್ಚಾಗಿ ಬೆಳೆಯುವುದು ಥಾಮ್ಸನ್ ಸೀಡ್‌ಲೆಸ್, ಅದು ತಿನ್ನುವುದಕ್ಕೆ ಮತ್ತು ಒಣಗಿಸುವುದಕ್ಕೆ. ಕುಳಿತು ವೈನ್ ರುಚಿ ನೋಡಬೇಕು ಅಂದರೆ ದೊಡ್ಡಬಳ್ಳಾಪುರದ ಗ್ರೋವರ್ ತೋಟವೇ ನಿಮಗೆ ಹತ್ತಿರ.

ಇನ್ನು ಬಿಸಿಲು. ಅದನ್ನು ಮಾತ್ರ ಬೈಯಬೇಡಿ. ಮಳೆ ಕಡಿಮೆ, ಗಾಳಿ ಒಣ, ಅದಕ್ಕೇ ಹಣ್ಣಿಗೆ ಆ ಸಿಹಿ. ತೋಟಕ್ಕೆ ನಾವು ಪಡ ಅಂತೀವಿ. ಅಕ್ಟೋಬರ್‌ನಲ್ಲಿ ಚಾಟ್ನಿ ಮಾಡಿದ, ಅಂದರೆ ಕೊಂಬೆ ಕತ್ತರಿಸಿದ ಬಳ್ಳಿ ನೀವು ಬರುವ ಹೊತ್ತಿಗೆ ಗೊಂಚಲು ತುಂಬಿಕೊಂಡಿರುತ್ತದೆ. ಹೊರಗೆ ಕಣ್ಣು ಬಿಡಲಾಗದ ಬೆಳಕಿದ್ದರೂ ಎಲೆಗಳ ಕೆಳಗೆ ತಂಪು.

ಆದರೆ ನನಗೆ ಪಡಕ್ಕಿಂತ ಇಷ್ಟ ಒಣದ್ರಾಕ್ಷಿ ಶೆಡ್. ತಿಕೋಟಾ ಕಡೆ ಹೋದರೆ ದಾರಿಯಲ್ಲೇ ಕಾಣುತ್ತವೆ. ಬಿಡಿಸಿ ತಂದ ಗೊಂಚಲನ್ನು ಪೊಟ್ಯಾಶಿಯಂ ಕಾರ್ಬೋನೇಟ್ ಮತ್ತು ಡಿಪ್ಪಿಂಗ್ ಆಯಿಲ್ ಕಲಸಿದ ನೀರಲ್ಲಿ ಅದ್ದುತ್ತಾರೆ, ಹಣ್ಣಿನ ಮೇಲಿನ ಮೇಣದ ಪದರ ಸಡಿಲಾಗಿ ಒಳಗಿನ ನೀರು ಬೇಗ ಆರಲಿ ಅಂತ, ಆಮೇಲೆ ಒಂದರ ಮೇಲೊಂದು ಕಟ್ಟಿದ ಬಲೆಯ ಮೇಲೆ ನೆರಳಲ್ಲಿ ಹರಡುತ್ತಾರೆ. ಸುಮಾರು ಎರಡು ವಾರ. ಹಸಿರು ಹಣ್ಣು ಸುಕ್ಕಾಗುತ್ತಾ ಜೇನಿನ ಬಣ್ಣಕ್ಕೆ ತಿರುಗುತ್ತದೆ. ಒಳಗೆ ನಿಂತರೆ ಹುಳಿ ಬೆರೆತ ಬೆಲ್ಲದಂಥ ವಾಸನೆ. 4 ಕೆಜಿ ಹಣ್ಣು ಹಾಕಿದರೆ ಸಿಗುವುದು 1 ಕೆಜಿ ಆಸುಪಾಸು. ಈ ಎರಡು ವಾರದಲ್ಲಿ ಒಂದು ಅಕಾಲಿಕ ಮಳೆ ಬಂದರೆ ಬಣ್ಣ ಕಪ್ಪಾಗಿ ದರ ಬಿದ್ದುಹೋಗುತ್ತದೆ. ನಮ್ಮ ಮನೆಯಲ್ಲೂ ಒಮ್ಮೆ ಹಾಗಾಯಿತು, ಆ ರಾತ್ರಿ ಯಾರೂ ಊಟಕ್ಕೆ ಕೂರಲಿಲ್ಲ.

ಶೆಡ್ ನೋಡಿ ವಾಪಸ್ ಬರುವಾಗ ದಾರಿಯ ತೊರವಿ ಊರಲ್ಲಿ ಇಳಿಯಿರಿ. ಆದಿಲ್‌ಶಾಹಿ ಕಾಲದಲ್ಲಿ ಇಲ್ಲಿಂದ ನೆಲದೊಳಗಿನ ಸುರಂಗದಲ್ಲಿ ವಿಜಯಪುರಕ್ಕೆ ನೀರು ಹರಿಸಿದ್ದರು. ಆ ನೀರಿನ ಒತ್ತಡ ತಡೆಯಲು ಕಟ್ಟಿದ ಗಂಜ್ ಎಂಬ ಗೋಪುರಗಳು ಊರೊಳಗೆ ಇನ್ನೂ ನಿಂತಿವೆ. ಬಳ್ಳಿಯ ಬುಡಕ್ಕೆ ಹನಿ ಹನಿ ನೀರು ಬಿಡುವುದನ್ನು ನೋಡಿ ಬಂದ ಮೇಲೆ ಅವುಗಳ ಮುಂದೆ ಸುಮ್ನೆ ದಾಟಿಹೋಗಲು ಮನಸ್ಸಾಗುವುದಿಲ್ಲ.

1656ರ ಗೋಳಗುಮ್ಮಟವನ್ನು ಬೆಳಿಗ್ಗೆ ಬೇಗ ನೋಡಿ, ಗದ್ದಲ ಶುರುವಾದರೆ ಮೇಲಿನ ಗ್ಯಾಲರಿಯಲ್ಲಿ ಆಚೆ ಬದಿಯ ಪಿಸುಮಾತು ಕೇಳಿಸುವುದಿಲ್ಲ. ಮೆಟ್ಟಿಲು ಕಡಿದು, ಅತ್ತೆ ಮಾವನವರು ಕೆಳಗೇ ಕೂರಲಿ. ಸಂಜೆಗೆ ಇನ್ನೊಬ್ಬ ಸುಲ್ತಾನನ ಸಮಾಧಿ ಇಬ್ರಾಹಿಂ ರೋಜಾ. ಪಡದ ಮಾಲೀಕರನ್ನು ಕೇಳದೆ ಒಳಗೆ ಹೋಗಬೇಡಿ. ಔಷಧಿ ಹೊಡೆದಿರುತ್ತಾರೆ, ಮಕ್ಕಳು ಕಿತ್ತು ಬಾಯಿಗೆ ಹಾಕದಂತೆ ನೋಡಿಕೊಳ್ಳಿ. ಒಣದ್ರಾಕ್ಷಿಯನ್ನು ಶೆಡ್‌ನಲ್ಲೇ ಕೊಳ್ಳಿ. ಒಂದು ಹಿಡಿ ಮುಷ್ಟಿಯಲ್ಲಿ ಒತ್ತಿ ಬಿಡಿ, ಅಂಟಿಕೊಳ್ಳದೆ ಬಿಡಿಬಿಡಿಯಾಗಿ ಉದುರಿದರೆ ಚೆನ್ನಾಗಿ ಒಣಗಿದೆ ಅಂತ.